ಕ್ಷಯದ ಗುಳಿಗೆ, ಕಾಮಣಿ ಮತ್ತು ವಂಶವಾಹಿ: ತಿಳಿದಿರಬೇಕಾದ ಸಂಗತಿಗಳು

ನಾಗಲಗಿದ್ದ: ಒಂದೇ ಊರಿನ ಇಬ್ಬರು ಒಂದೇ ದವಾಖಾನೆಯಿಂದ ಒಂದೇ ಬಗೆಯ ಕ್ಷಯದ ಗುಳಿಗೆ ತರುತ್ತಾರೆ ಎನ್ನಿ. ಒಬ್ಬರು ಆರು ತಿಂಗಳು ನುಂಗಿ ಗುಣವಾಗುತ್ತಾರೆ. ಇನ್ನೊಬ್ಬರಿಗೆ ತಿಂಗಳೊಳಗೇ ಊಟ ಬೇಡವಾಗುತ್ತದೆ, ವಾಂತಿಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಗುಳಿಗೆಯೇ ಕೆಟ್ಟದ್ದೆಂದು ಕೆಲವರು, ರೋಗಿ ಪಥ್ಯ ಮಾಡಲಿಲ್ಲವೆಂದು ಕೆಲವರು ಹೇಳುವುದುಂಟು. ಉತ್ತರದ ಒಂದು ದೊಡ್ಡ ಭಾಗ ತಾಯಿ ತಂದೆಯಿಂದ ಬಂದ ವಂಶವಾಹಿಗಳಲ್ಲಿದೆ ಎಂದು ಅರವತ್ತು ವರ್ಷಗಳ ಸಂಶೋಧನೆ ತೋರಿಸಿಕೊಟ್ಟಿದೆ.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲೇ ಇದ್ದಾರೆ. ನಾರಾಯಣಖೇಡ, ಜಹೀರಾಬಾದ್, ತಾಂಡೂರು ಭಾಗದ ಹಳ್ಳಿಗಳಿಗೂ ಈ ರೋಗ ಹೊಸದಲ್ಲ. ಆದ್ದರಿಂದ ಔಷಧದಿಂದ ಬರುವ ಕಾಮಣಿಯ ವಿಷಯ ಪ್ರತಿ ಮನೆಗೂ ಗೊತ್ತಿರಬೇಕಾದದ್ದು. ಇದನ್ನೇ ಕನ್ನಡದಲ್ಲಿ ಕಾಮಾಲೆ, ತೆಲುಗಿನಲ್ಲಿ ಪಚ್ಚಕಾಮೆರ್ಲು, ಮರಾಠಿಯಲ್ಲಿ ಕಾವೀಳ ಎನ್ನುತ್ತಾರೆ.

ಲಿವರ್‌ಗೂ ಔಷಧಕ್ಕೂ ಏನು ಸಂಬಂಧ?

ಬಾಯಿಂದ ನುಂಗಿದ ಯಾವುದೇ ಗುಳಿಗೆ ಹೊಟ್ಟೆಯಲ್ಲಿ ಕರಗಿ, ಕರುಳಿನಿಂದ ರಕ್ತಕ್ಕೆ ಸೇರಿ ಮೊದಲು ಹೋಗುವುದು ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ. ಔಷಧವನ್ನು ಒಡೆದು, ರೂಪ ಬದಲಿಸಿ, ಮೂತ್ರ ಅಥವಾ ಪಿತ್ತದ ಮೂಲಕ ಹೊರಗೆ ಹಾಕಲು ಸಿದ್ಧಪಡಿಸುವುದು ಲಿವರ್‌ನ ಕೆಲಸ. ಈ ಕೆಲಸಕ್ಕೆ ಕಿಣ್ವಗಳೆಂಬ ಪ್ರೋಟೀನುಗಳು ಬೇಕು. ಯಾವ ಕಿಣ್ವ ಎಷ್ಟು ಚುರುಕಾಗಿರಬೇಕು ಎಂಬುದನ್ನು ಬಹುಮಟ್ಟಿಗೆ ವಂಶವಾಹಿ ನಿರ್ಧರಿಸುತ್ತದೆ.

ಔಷಧ ಒಡೆಯುವಾಗ ಕೆಲವೊಮ್ಮೆ ಮೂಲ ಔಷಧಕ್ಕಿಂತ ಹೆಚ್ಚು ವಿಷಕಾರಿಯಾದ ತುಣುಕುಗಳು ಹುಟ್ಟುತ್ತವೆ. ಅವು ಬೇಗ ಹೊರಗೆ ಹೋದರೆ ತೊಂದರೆಯಿಲ್ಲ. ಉಳಿದರೆ ಲಿವರ್‌ನ ಜೀವಕೋಶಗಳಿಗೆ ಪೆಟ್ಟು ಬೀಳುತ್ತದೆ. ಪೆಟ್ಟು ಬಿದ್ದ ಕೋಶಗಳಿಂದ ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಪದಾರ್ಥಗಳು ರಕ್ತಕ್ಕೆ ಸೋರುತ್ತವೆ. ರಕ್ತಪರೀಕ್ಷೆಯ ಚೀಟಿಯಲ್ಲಿ ವೈದ್ಯರು ಮೊದಲು ನೋಡುವುದು ಈ ಅಂಕಿಗಳನ್ನು. ಪೆಟ್ಟು ಹೆಚ್ಚಾದರೆ ಬಿಲಿರುಬಿನ್ ಎಂಬ ಹಳದಿ ಬಣ್ಣದ ಪದಾರ್ಥ ರಕ್ತದಲ್ಲಿ ಉಳಿದು ಕಣ್ಣು, ಚರ್ಮ ಹಳದಿಯಾಗುತ್ತವೆ.

ನಮ್ಮ ದೇಶದ ಲೆಕ್ಕ

ಔಷಧದಿಂದ ಲಿವರ್ ಕೆಟ್ಟವರ ಬಗ್ಗೆ ನಮ್ಮ ದೇಶದಲ್ಲಿ ದೀರ್ಘಕಾಲ ಲೆಕ್ಕ ಇಟ್ಟವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಮತ್ತು ಸಂಗಡಿಗರು ಪ್ರಮುಖರು. ಅವರು 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ 313 ರೋಗಿಗಳ ವಿವರವಿತ್ತು. ಅವರಲ್ಲಿ ಶೇ. 58 ಜನರಿಗೆ ಕ್ಷಯದ ಔಷಧಗಳೇ ಕಾರಣವಾಗಿದ್ದವು.

ಆ ಬಳಿಕ ದೇಶದ ಹಲವು ಆಸ್ಪತ್ರೆಗಳು ಸೇರಿ 2013ರಿಂದ 2018ರ ತನಕ 1,288 ರೋಗಿಗಳ ದಾಖಲೆ ಮಾಡಿದವು. ಅದರಲ್ಲೂ ಕ್ಷಯದ ಔಷಧಗಳೇ ಮೊದಲ ಸ್ಥಾನದಲ್ಲಿದ್ದವು: ಶೇ. 46.4. ಎರಡನೆಯ ಸ್ಥಾನ ನಾಟಿ ಮತ್ತು ಇತರ ಪರ್ಯಾಯ ಔಷಧಗಳದ್ದು: ಶೇ. 13.9. ಮೂರ್ಛೆರೋಗದ ಔಷಧಗಳು ಶೇ. 8.1, ಕ್ಷಯದವನ್ನು ಬಿಟ್ಟು ಉಳಿದ ಆ್ಯಂಟಿಬಯಾಟಿಕ್ ಮುಂತಾದ ಸೋಂಕುನಿವಾರಕ ಔಷಧಗಳು ಶೇ. 6.5. ಈ 1,288 ಜನರಲ್ಲಿ ಶೇ. 12.3 ಮಂದಿ ತೀರಿಕೊಂಡರು.

ಇವು ದೊಡ್ಡ ಆಸ್ಪತ್ರೆಗೆ ಬಂದು ದಾಖಲಾದವರ ಅಂಕಿಗಳು. ಕ್ಷಯದ ಗುಳಿಗೆ ನುಂಗುವ ಎಲ್ಲರ ಲೆಕ್ಕ ಇದಲ್ಲ. ಆ ಗುಳಿಗೆ ತೆಗೆದುಕೊಳ್ಳುವವರಲ್ಲಿ ಶೇ. 2ರಿಂದ 28ರಷ್ಟು ಜನರಿಗೆ ಲಿವರ್ ತೊಂದರೆ ಆಗುತ್ತದೆಂದು ಬೇರೆ ಬೇರೆ ಅಧ್ಯಯನಗಳು ಹೇಳಿವೆ. ರಕ್ತಪರೀಕ್ಷೆಯಲ್ಲಿ ಸ್ವಲ್ಪ ಏರುಪೇರು ಕಂಡವರನ್ನೂ ಕೆಲವರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಕೆಲವರು ಕಾಮಣಿ ಬಂದವರನ್ನು ಮಾತ್ರ. ಅದಕ್ಕೇ ಇಷ್ಟು ಅಂತರ. ಹೆಚ್ಚಿನವರು ಯಾವ ತೊಂದರೆಯೂ ಇಲ್ಲದೆ ಗುಣವಾಗುತ್ತಾರೆ ಎಂಬುದನ್ನು ಮರೆಯಬಾರದು. ಔಷಧ ತೆಗೆದುಕೊಳ್ಳದೆ ಬಿಟ್ಟರೆ ಕ್ಷಯವೇ ಪ್ರಾಣಕ್ಕೆ ಎರವಾಗುತ್ತದೆ.

ನಾಲ್ಕು ಔಷಧ, ಮೂರಕ್ಕೆ ಲಿವರ್ ಕಾಟ

ಸರಕಾರಿ ದವಾಖಾನೆಯಲ್ಲಿ ಸಿಗುವ ಕ್ಷಯದ ಗುಳಿಗೆ ನೋಡಲು ಒಂದೇ ಆದರೂ ಒಳಗೆ ನಾಲ್ಕು ಔಷಧಗಳಿವೆ: ಐಸೋನಿಯಾಜಿಡ್ 75 ಮಿ.ಗ್ರಾಂ, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬುಟಾಲ್ 275. ದಿನಕ್ಕೆ ಎಷ್ಟು ಗುಳಿಗೆ ಎಂಬುದು ತೂಕದ ಮೇಲೆ ಹೋಗುತ್ತದೆ. 35ರಿಂದ 49 ಕಿಲೋ ತೂಕದವರಿಗೆ ಮೂರು, 50ರಿಂದ 64 ಕಿಲೋ ಇದ್ದವರಿಗೆ ನಾಲ್ಕು. ಮೊದಲ ಎರಡು ತಿಂಗಳು ನಾಲ್ಕೂ ಔಷಧ, ನಂತರದ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು.

ಇವುಗಳಲ್ಲಿ ಎಥಾಂಬುಟಾಲ್‌ನಿಂದ ಲಿವರ್‌ಗೆ ತೊಂದರೆ ತೀರಾ ಅಪರೂಪ. ಅದು ಕಾಡಿದರೆ ಕಣ್ಣಿನ ದೃಷ್ಟಿಯನ್ನು ಕಾಡುತ್ತದೆ. ಉಳಿದ ಮೂರೂ ಲಿವರ್‌ಗೆ ಪೆಟ್ಟು ಕೊಡಬಲ್ಲವು. ವಂಶವಾಹಿಯ ಸಂಬಂಧ ಚೆನ್ನಾಗಿ ಗೊತ್ತಾಗಿರುವುದು ಐಸೋನಿಯಾಜಿಡ್ ವಿಷಯದಲ್ಲಿ.

ನಿಧಾನದವರು ಮತ್ತು ವೇಗದವರು

ಐಸೋನಿಯಾಜಿಡ್ ಕ್ಷಯಕ್ಕೆ ಬಳಕೆಗೆ ಬಂದದ್ದು 1952ರಲ್ಲಿ. ಒಂದೇ ಪ್ರಮಾಣದ ಔಷಧ ಕೊಟ್ಟರೂ ಕೆಲವರ ರಕ್ತದಲ್ಲಿ ಅದು ಬೇಗ ಇಳಿಯುತ್ತದೆ, ಕೆಲವರಲ್ಲಿ ತಾಸುಗಟ್ಟಲೆ ಉಳಿಯುತ್ತದೆ ಎಂಬುದು ಕೆಲವೇ ವರ್ಷಗಳಲ್ಲಿ ವೈದ್ಯರ ಗಮನಕ್ಕೆ ಬಂತು. 1960ರಲ್ಲಿ ಪ್ರೈಸ್ ಇವಾನ್ಸ್ ಮತ್ತು ಸಂಗಡಿಗರು 53 ಕುಟುಂಬಗಳ 267 ಜನರನ್ನು ಪರೀಕ್ಷಿಸಿ, ಇದು ತಾಯಿ ತಂದೆಯಿಂದ ಮಕ್ಕಳಿಗೆ ಬರುವ ಗುಣ ಎಂದು ತೋರಿಸಿದರು.

ಇದಕ್ಕೆ ಕಾರಣವಾದ ವಂಶವಾಹಿಯ ಹೆಸರು ನ್ಯಾಟ್-2. ಮನುಷ್ಯನ ಎಂಟನೆಯ ವರ್ಣತಂತುವಿನ ಮೇಲೆ ಇದರ ಜಾಗ. ಐಸೋನಿಯಾಜಿಡ್‌ಅನ್ನು ನಿರುಪದ್ರವಿ ರೂಪಕ್ಕೆ ತರುವ ಕಿಣ್ವವನ್ನು ಇದು ತಯಾರಿಸುತ್ತದೆ. ಇದರಲ್ಲಿ ಚುರುಕಾದ ನಮೂನೆ ಇದೆ, ಮಂದವಾದ ನಮೂನೆಗಳೂ ಇವೆ.

ತೊಗರಿ ರಾಶಿಯ ಕಣವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ತೂರುವವರು ಚುರುಕಾಗಿದ್ದರೆ ಹೊಟ್ಟು ಆಗಿಂದಾಗ ಬೇರೆಯಾಗಿ ಕಣ ಸ್ವಚ್ಛವಾಗಿರುತ್ತದೆ. ಅವರ ಕೈ ನಿಧಾನವಾದರೆ ಹೊಟ್ಟು ಕಣದಲ್ಲೇ ಗುಡ್ಡೆ ಬೀಳುತ್ತದೆ. ನಿಧಾನದವರ ಲಿವರ್‌ನಲ್ಲಿ ಹೀಗೆ ಗುಡ್ಡೆ ಬೀಳುವುದು ಹೈಡ್ರಜಿನ್, ಅಸಿಟೈಲ್ ಹೈಡ್ರಜಿನ್ ಎಂಬ ಪದಾರ್ಥಗಳು. ಮತ್ತೊಂದು ಕಿಣ್ವ ಅವನ್ನು ಇನ್ನಷ್ಟು ವಿಷಕಾರಿಯಾದ ತುಣುಕುಗಳನ್ನಾಗಿ ಮಾಡುತ್ತದೆ. ಸಿವೈಪಿ2ಇ1 ಎಂಬ ಆ ಕಿಣ್ವವನ್ನು ಕೆರಳಿಸುವವುಗಳಲ್ಲಿ ಹೆಂಡ ಸಾರಾಯಿಯೂ ಒಂದು.

ಮೊದಮೊದಲು, 1970ರ ದಶಕದಲ್ಲಿ, ವೇಗದವರಿಗೇ ಅಪಾಯ ಹೆಚ್ಚು ಎಂಬ ವಾದ ಇತ್ತು. ನಂತರದ ಅಧ್ಯಯನಗಳು ಅದನ್ನು ತಿದ್ದಿದವು. ತೈವಾನ್‌ನಲ್ಲಿ 224 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಧಾನದವರಲ್ಲಿ ಶೇ. 26.4 ಜನರಿಗೆ, ಉಳಿದವರಲ್ಲಿ ಶೇ. 11.1 ಜನರಿಗೆ ಲಿವರ್ ತೊಂದರೆ ಕಂಡಿತು. ನಿಧಾನದವರಿಗೆ ಅಪಾಯ ಹೆಚ್ಚು ಎಂಬುದನ್ನು ಭಾರತ ಸೇರಿ ಹಲವು ದೇಶಗಳ ಅಧ್ಯಯನಗಳು ಬೆಂಬಲಿಸಿವೆ.

ಮದ್ರಾಸಿನ ಕೆಲಸ

ಈ ವಿಷಯದಲ್ಲಿ ದಕ್ಷಿಣ ಭಾರತದ ಪಾಲು ದೊಡ್ಡದು. ಮದ್ರಾಸಿನಲ್ಲಿ 1956ರಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾಯಿತು. ಇಂದು ಅದು ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. ಕ್ಷಯರೋಗಿಯನ್ನು ಸ್ಯಾನಿಟೋರಿಯಂನಲ್ಲಿ ಇಡಬೇಕಾಗಿಲ್ಲ, ಮನೆಯಲ್ಲೇ ಔಷಧ ಕೊಟ್ಟರೂ ಅಷ್ಟೇ ಚೆನ್ನಾಗಿ ಗುಣವಾಗುತ್ತದೆ ಎಂದು 1959ರಲ್ಲಿ ಜಗತ್ತಿಗೆ ತೋರಿಸಿದ್ದು ಇದೇ ಕೇಂದ್ರ.

ಅದೇ ಕೇಂದ್ರದ ಸಂಶೋಧಕರು ದಕ್ಷಿಣ ಭಾರತದ ರೋಗಿಗಳಲ್ಲಿ ಐಸೋನಿಯಾಜಿಡ್ ಎಷ್ಟು ಬೇಗ ನಿಷ್ಕ್ರಿಯವಾಗುತ್ತದೆ ಎಂಬುದನ್ನು ಅಳೆದು 1961ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದಕ್ಷಿಣ ಭಾರತೀಯರಲ್ಲಿ ನಿಧಾನದವರು ನೂರಕ್ಕೆ ಸುಮಾರು 60. ಜಪಾನಿನಲ್ಲಿ ನೂರಕ್ಕೆ ಹತ್ತು. ಅಂದರೆ ನಮ್ಮಲ್ಲಿ ನಿಧಾನದವರಾಗಿರುವುದು ರೋಗವೂ ಅಲ್ಲ, ಅಪರೂಪವೂ ಅಲ್ಲ. ಅರ್ಧಕ್ಕಿಂತ ಹೆಚ್ಚು ಜನ ಹಾಗೇ ಇದ್ದಾರೆ.

ನಿಧಾನದವರಿಗೆ ಐಸೋನಿಯಾಜಿಡ್‌ನಿಂದ ಕೈಕಾಲು ಜುಮ್ಮೆನ್ನುವುದು, ಅಂಗಾಲು ಉರಿಯುವುದು ಹೆಚ್ಚು. ಇದನ್ನು ತಡೆಯಲು ಬಿ-6 ಜೀವಸತ್ವದ ಗುಳಿಗೆ ಕೊಡುತ್ತಾರೆ. ಈ ಗುಳಿಗೆ ಲಿವರ್‌ಅನ್ನೂ ಕಾಯುತ್ತದೆ ಎಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಬಿ-6 ಕಾಯುವುದು ನರಗಳನ್ನು ಮಾತ್ರ.

ಅಣ್ಣನಿಗೆ ಆದರೆ ತಮ್ಮನಿಗೂ ಆಗುತ್ತದೆಯೇ?

ಪ್ರತಿಯೊಬ್ಬರಲ್ಲೂ ನ್ಯಾಟ್-2ರ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯದು, ಒಂದು ತಂದೆಯದು. ಎರಡೂ ಮಂದವಾಗಿದ್ದರೆ ಆ ವ್ಯಕ್ತಿ ನಿಧಾನದವನು. ಒಂದು ಚುರುಕು, ಒಂದು ಮಂದವಾದರೆ ಮಧ್ಯಮ. ಎರಡೂ ಚುರುಕಾದರೆ ವೇಗದವನು.

ತಾಯಿ ತಂದೆ ಇಬ್ಬರೂ ನಿಧಾನದವರಾದರೆ ಮಕ್ಕಳೆಲ್ಲರೂ ನಿಧಾನದವರೇ. ಇಬ್ಬರೂ ಮಧ್ಯಮದವರಾದರೆ ಒಬ್ಬ ಮಗ ನಿಧಾನ, ಇನ್ನೊಬ್ಬ ವೇಗದವನಾಗಿರಬಹುದು. ಹಾಗಾಗಿ ಅಣ್ಣನಿಗೆ ಕಾಮಣಿ ಆಯಿತೆಂದು ತಮ್ಮ ಕ್ಷಯದ ಔಷಧವನ್ನೇ ಬೇಡವೆನ್ನುವುದು ಸರಿಯಲ್ಲ. ಆದರೆ ಅಣ್ಣನಿಗೆ ಹಾಗಾಗಿತ್ತು ಎಂಬ ಮಾತನ್ನು ವೈದ್ಯರಿಗೆ ಹೇಳುವುದು ಒಳ್ಳೆಯದು. ಆಗ ಅವರು ರಕ್ತಪರೀಕ್ಷೆಯನ್ನು ಬೇಗ ಬೇಗ ಮಾಡಿಸುತ್ತಾರೆ.

ಕಾವಲಿನ ವಂಶವಾಹಿಗಳು

ಎಲ್ಲ ಆ್ಯಂಟಿಬಯಾಟಿಕ್‌ಗಳೂ ಐಸೋನಿಯಾಜಿಡ್‌ನ ಹಾದಿಯಲ್ಲೇ ತೊಂದರೆ ಕೊಡುವುದಿಲ್ಲ. ಕೆಲವು ಔಷಧಗಳಲ್ಲಿ ಲಿವರ್ ಮೇಲೆ ದಾಳಿ ಮಾಡುವುದು ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯೇ.

ಆರನೆಯ ವರ್ಣತಂತುವಿನ ಮೇಲೆ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪು ಇದೆ. ಊರಿಗೆ ಬಂದ ಹೊಸಬರನ್ನು ಕಾವಲುಗಾರನ ಮುಂದೆ ನಿಲ್ಲಿಸಿ ತೋರಿಸುವಂತೆ, ಇವು ಜೀವಕೋಶದೊಳಗಿನ ತುಣುಕುಗಳನ್ನು ರಕ್ಷಣಾ ಕೋಶಗಳಿಗೆ ತೋರಿಸುತ್ತವೆ. ಎಚ್‌ಎಲ್‌ಎಯಲ್ಲಿ ಸಾವಿರಾರು ನಮೂನೆಗಳಿವೆ. ಕೆಲವು ನಮೂನೆಗಳು ಔಷಧದ ತುಣುಕನ್ನು ಶತ್ರುವಿನಂತೆ ತೋರಿಸಿಬಿಡುತ್ತವೆ. ಆಗ ರಕ್ಷಣಾ ಕೋಶಗಳು ತಮ್ಮದೇ ಲಿವರ್ ಮೇಲೆ ಬೀಳುತ್ತವೆ.

ಇದಕ್ಕೆ ಗೊತ್ತಿರುವ ಕೆಲವು ಉದಾಹರಣೆಗಳು ಹೀಗಿವೆ:

ಫ್ಲುಕ್ಲಾಕ್ಸಾಸಿಲಿನ್: ಯುರೋಪಿನಲ್ಲಿ ಚರ್ಮದ ಸೋಂಕಿಗೆ ಹೆಚ್ಚು ಬಳಕೆಯಲ್ಲಿರುವ ಔಷಧ. ಎಚ್‌ಎಲ್‌ಎ-ಬಿ 57:01 ನಮೂನೆ ಇದ್ದವರಿಗೆ ಇದರಿಂದ ಲಿವರ್ ಕೆಡುವ ಸಂಭವ ಉಳಿದವರಿಗಿಂತ ಸುಮಾರು 80 ಪಟ್ಟು ಹೆಚ್ಚು ಎಂದು 2009ರಲ್ಲಿ ಬ್ರಿಟನ್ನಿನ ಆ್ಯನ್ ಡಾಲಿ ಮತ್ತು ಸಂಗಡಿಗರು ಕಂಡುಹಿಡಿದರು. ಇಷ್ಟಾದರೂ ಆ ನಮೂನೆ ಇದ್ದು ಔಷಧ ನುಂಗಿದ 500ರಿಂದ 1,000 ಜನರಲ್ಲಿ ಒಬ್ಬರಿಗೆ ಮಾತ್ರ ತೊಂದರೆ ಆಗುತ್ತದೆ.

ಅಮೋಕ್ಸಿಸಿಲಿನ್-ಕ್ಲಾವುಲನೇಟ್: ಕಿವಿ, ಗಂಟಲು, ಎದೆಯ ಸೋಂಕಿಗೆ ನಮ್ಮ ಮೆಡಿಕಲ್ ಅಂಗಡಿಗಳಲ್ಲೂ ಸಾಮಾನ್ಯವಾಗಿ ಸಿಗುವ ಗುಳಿಗೆ. ಎಚ್‌ಎಲ್‌ಎ-ಡಿಆರ್‌ಬಿ1 15:01 ನಮೂನೆಗೂ ಇದರ ಕಾಮಣಿಗೂ ನಂಟಿದೆ ಎಂದು 1999ರಿಂದ ಗೊತ್ತಿದೆ. ಐಸ್‌ಲೆಂಡ್ ದೇಶದ ಲೆಕ್ಕದಂತೆ ಈ ಔಷಧ ಪಡೆದ ಸುಮಾರು 2,350 ಜನರಲ್ಲಿ ಒಬ್ಬರಿಗೆ ಲಿವರ್ ತೊಂದರೆ ಆಗುತ್ತದೆ. ಗುಳಿಗೆ ಮುಗಿದು ಹಲವು ವಾರಗಳಾದ ಮೇಲೂ ಕಾಮಣಿ ಕಾಣಿಸಬಹುದು ಎಂಬುದು ಇದರ ವಿಶೇಷ. ಹಾಗಾಗಿ ವೈದ್ಯರು ಕೇಳಿದಾಗ ಹಿಂದಿನ ಎರಡು ತಿಂಗಳಲ್ಲಿ ನುಂಗಿದ ಗುಳಿಗೆಗಳನ್ನೆಲ್ಲ ಹೇಳಬೇಕು.

ಡ್ಯಾಪ್ಸೋನ್: ಕುಷ್ಠರೋಗಕ್ಕೆ ಕೊಡುವ ಔಷಧ. ಕೆಲವರಿಗೆ ಇದರಿಂದ ಜ್ವರ, ಮೈಮೇಲೆ ಗುಳ್ಳೆ, ಜತೆಗೆ ಕಾಮಣಿ ಬರುತ್ತದೆ. ಎಚ್‌ಎಲ್‌ಎ-ಬಿ 13:01 ನಮೂನೆ ಇದರ ಹಿಂದಿದೆ ಎಂದು 2013ರಲ್ಲಿ ಚೀನಾದ ಸಂಶೋಧಕರು ತೋರಿಸಿದರು. ಭಾರತೀಯರಲ್ಲಿ ಶೇ. 1ರಿಂದ 12ರಷ್ಟು ಜನರಲ್ಲಿ ಈ ನಮೂನೆ ಇದೆ ಎಂದು ಅದೇ ವರದಿ ಹೇಳುತ್ತದೆ. ಮುಂದೆ ಚೀನಾದಲ್ಲಿ ರಕ್ತಪರೀಕ್ಷೆ ಮಾಡಿ, ಆ ನಮೂನೆ ಇಲ್ಲದ 1,251 ರೋಗಿಗಳಿಗೆ ಮಾತ್ರ ಡ್ಯಾಪ್ಸೋನ್ ಕೊಟ್ಟಾಗ ಒಬ್ಬರಿಗೂ ಈ ತೊಂದರೆ ಬರಲಿಲ್ಲವೆಂದು 2019ರಲ್ಲಿ ಪ್ರಕಟವಾಯಿತು.

ಕ್ಷಯದ ಔಷಧಗಳಲ್ಲೂ ಎಚ್‌ಎಲ್‌ಎ ಪಾತ್ರ ಇದೆಯೇ ಎಂದು ದೆಹಲಿಯ ಏಮ್ಸ್‌ನ ವೈದ್ಯರು ಪರೀಕ್ಷಿಸಿ 2002ರಲ್ಲಿ ವರದಿ ಕೊಟ್ಟರು. ಎಚ್‌ಎಲ್‌ಎಯ ಕೆಲವು ನಮೂನೆಗಳ ಜತೆಗೆ ಹೆಚ್ಚಿನ ವಯಸ್ಸು, ಮುಂದುವರಿದ ರೋಗ, ರಕ್ತದಲ್ಲಿ ಪ್ರೋಟೀನ್ ಕೊರತೆ ಇವೂ ಅಪಾಯ ಹೆಚ್ಚಿಸುತ್ತವೆ ಎಂದು ಅವರು ಕಂಡರು.

ಹಾಗಾದರೆ ಎಲ್ಲರಿಗೂ ಮೊದಲೇ ಪರೀಕ್ಷೆ ಏಕಿಲ್ಲ?

ಓದುಗರಲ್ಲಿ ಈ ಪ್ರಶ್ನೆ ಏಳುವುದು ಸಹಜ. ಒಂದು ಲೆಕ್ಕ ಹಾಕಿ ನೋಡಬಹುದು. ಇದು ತಿಳಿಯಲಿಕ್ಕಾಗಿ ಕಲ್ಪಿಸಿದ ಲೆಕ್ಕ. ಕ್ಷಯದ ಗುಳಿಗೆ ನುಂಗುವ 100 ಜನರಲ್ಲಿ 60 ಜನ ನಿಧಾನದವರು ಎಂದುಕೊಳ್ಳೋಣ. ಒಟ್ಟು 10 ಜನರಿಗೆ ಲಿವರ್ ತೊಂದರೆ ಆಯಿತು, ಅವರಲ್ಲಿ 8 ಜನ ನಿಧಾನದವರು ಎಂದು ಇಟ್ಟುಕೊಂಡರೂ, ಉಳಿದ 52 ಜನ ನಿಧಾನದವರು ಯಾವ ತೊಂದರೆಯೂ ಇಲ್ಲದೆ ಗುಣವಾಗಿರುತ್ತಾರೆ. ಇತ್ತ ತೊಂದರೆಯಾದ 10 ಜನರಲ್ಲಿ ಇಬ್ಬರು ನಿಧಾನದವರೇ ಅಲ್ಲ. ಪರೀಕ್ಷೆಯಲ್ಲಿ ನಿಧಾನ ಎಂದು ಬಂದವರು ವೃಥಾ ಹೆದರುತ್ತಾರೆ, ವೇಗ ಎಂದು ಬಂದವರು ಎಚ್ಚರ ತಪ್ಪುತ್ತಾರೆ.

ಪರೀಕ್ಷೆಯ ಪ್ರಕಾರ ಔಷಧದ ಪ್ರಮಾಣ ಬದಲಿಸಲು ಸಾಧ್ಯವಾದರೆ ಮಾತು ಬೇರೆ. ಜಪಾನಿನಲ್ಲಿ 172 ರೋಗಿಗಳ ಮೇಲೆ ಅಂಥ ಪ್ರಯೋಗ ನಡೆದು 2013ರಲ್ಲಿ ಪ್ರಕಟವಾಯಿತು. ಅಲ್ಲಿ ನಿಧಾನದವರಿಗೆ ಐಸೋನಿಯಾಜಿಡ್‌ಅನ್ನು ಮಾಮೂಲಿನ ಅರ್ಧದಷ್ಟು ಕೊಟ್ಟಾಗ ಒಬ್ಬರಿಗೂ ಅದರಿಂದ ಲಿವರ್ ತೊಂದರೆ ಆಗಲಿಲ್ಲ. ಮಾಮೂಲಿ ಪ್ರಮಾಣ ಪಡೆದ ನಿಧಾನದವರಲ್ಲಿ ಶೇ. 78 ಜನರಿಗೆ ಆಯಿತು. ಆದರೆ ಅಲ್ಲಿ ನಿಧಾನದವರ ಸಂಖ್ಯೆಯೇ ಕಡಿಮೆ. ನಮ್ಮಲ್ಲಿ ನಾಲ್ಕು ಔಷಧ ಒಂದೇ ಗುಳಿಗೆಯಲ್ಲಿರುವುದರಿಂದ ಒಂದರ ಪ್ರಮಾಣ ಮಾತ್ರ ಇಳಿಸಲು ಬರುವುದಿಲ್ಲ. ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪ್ರಮಾಣ ನಿಶ್ಚಯವಾಗುವುದು ತೂಕದಿಂದಲೇ.

ಭಾರತೀಯರ ವಂಶವಾಹಿಗಳ ತಿಳಿವಳಿಕೆ ಈಗ ಬೆಳೆಯುತ್ತಿದೆ. ಕೇಂದ್ರ ಸರಕಾರದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರ, ಹೈದರಾಬಾದಿನ ಸಿಸಿಎಂಬಿ ಸೇರಿದಂತೆ 20 ಸಂಸ್ಥೆಗಳು ಸೇರಿ ಹತ್ತು ಸಾವಿರ ಭಾರತೀಯರ ವಂಶವಾಹಿ ನಕಾಶೆ ತಯಾರಿಸಿದವು. 2025ರ ಜನವರಿಯಲ್ಲಿ ಈ ಮಾಹಿತಿಯನ್ನು ಸಂಶೋಧಕರಿಗೆ ತೆರೆಯಲಾಯಿತು. ಮುಂದೆ ಇದರಿಂದ ನಮ್ಮ ಜನರಿಗೆ ಹೊಂದುವ ಪರೀಕ್ಷೆಗಳು ಬರಬಹುದು. ಅಲ್ಲಿಯವರೆಗೆ ಲಕ್ಷಣ ಗುರುತಿಸುವುದೇ ಬಡವರ ಕೈಯಲ್ಲಿರುವ ಪರೀಕ್ಷೆ.

ವಂಶವಾಹಿ ಒಂದೇ ಕಾರಣವಲ್ಲ

ಅದೇ ವಂಶವಾಹಿ ಇದ್ದರೂ ಈ ಕೆಳಗಿನವು ಸೇರಿದರೆ ಅಪಾಯ ಹೆಚ್ಚುತ್ತದೆ.

- ವಯಸ್ಸು: ಅಮೆರಿಕದಲ್ಲಿ 1971-72ರಲ್ಲಿ ಐಸೋನಿಯಾಜಿಡ್ ಒಂದನ್ನೇ ನುಂಗಿದ 13,838 ಜನರ ಮೇಲೆ ನಿಗಾ ಇಟ್ಟಾಗ, 20ರೊಳಗಿನವರಲ್ಲಿ ಲಿವರ್ ತೊಂದರೆ ಬಹಳ ಅಪರೂಪವಾಗಿತ್ತು. 35ರಿಂದ 49ರವರಲ್ಲಿ ಶೇ. 1.2, 50ರಿಂದ 64ರವರಲ್ಲಿ ಶೇ. 2.3 ಇತ್ತು.
- ಕುಡಿತ: ಶೇಂದಿ, ಸಾರಾಯಿ, ಬ್ರಾಂದಿ ಯಾವುದೇ ಆಗಲಿ, ಔಷಧ ನಡೆಯುವ ಆರು ತಿಂಗಳು ಪೂರ್ತಿ ಬಿಡಬೇಕು.
- ಮೈಯಲ್ಲಿ ಶಕ್ತಿ ಇಲ್ಲದಿರುವುದು: ತೀರಾ ಸೊರಗಿದವರಿಗೆ ಅಪಾಯ ಹೆಚ್ಚು. ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ.
- ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಸೋಂಕು ಅಥವಾ ಮೊದಲೇ ಲಿವರ್ ಕಾಯಿಲೆ ಇರುವುದು.
- ಜತೆಗೆ ಬೇರೆ ಔಷಧ: ಮೂರ್ಛೆರೋಗದ ಗುಳಿಗೆ, ಲೆಕ್ಕವಿಲ್ಲದೆ ನುಂಗುವ ಪ್ಯಾರಾಸಿಟಮಾಲ್, ಹೆಸರು ತಿಳಿಯದ ನಾಟಿ ಔಷಧ.

ಕೆಂಪು ಮೂತ್ರಕ್ಕೂ ಕಾಮಣಿಗೂ ಇರುವ ವ್ಯತ್ಯಾಸ

ಹಳ್ಳಿಗಳಲ್ಲಿ ಅತಿ ಹೆಚ್ಚು ಗೊಂದಲ ಆಗುವುದು ಇಲ್ಲಿ. ರಿಫಾಂಪಿಸಿನ್ ಇರುವ ಗುಳಿಗೆ ನುಂಗಿದ ಕೆಲವು ತಾಸುಗಳಲ್ಲಿ ಮೂತ್ರ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಬೆವರು, ಕಣ್ಣೀರಿಗೂ ಬಣ್ಣ ಬರಬಹುದು. ಇದರಿಂದ ಅಪಾಯವಿಲ್ಲ. ರಕ್ತ ಹೋಗುತ್ತಿದೆಯೆಂದು ಹೆದರಿ ಗುಳಿಗೆ ಬಿಡಬಾರದು.

ಇದರ ಇನ್ನೊಂದು ಮುಖವೂ ಇದೆ. ಗುಳಿಗೆಯಿಂದ ಮೂತ್ರ ಕೆಂಪಾಗುತ್ತದೆ ಎಂದು ಕೇಳಿ ತಿಳಿದವರು, ನಿಜವಾಗಿ ಕಾಮಣಿ ಬಂದು ಮೂತ್ರ ಕಪ್ಪಾದಾಗಲೂ ಅದು ಗುಳಿಗೆಯದೇ ಬಣ್ಣ ಎಂದು ಸುಮ್ಮನಿರುತ್ತಾರೆ. ಅಷ್ಟರಲ್ಲಿ ವಾರ ಕಳೆದಿರುತ್ತದೆ.

ಗುರುತಿಸುವ ಬಗೆ ಹೀಗೆ. ಗುಳಿಗೆಯ ಬಣ್ಣ ನುಂಗಿದ ಬಳಿಕ ಗಾಢವಾಗಿ, ಮರುದಿನದ ಗುಳಿಗೆಯ ಹೊತ್ತಿಗೆ ತಿಳಿಯಾಗುತ್ತದೆ. ಕಾಮಣಿಯ ಮೂತ್ರ ಹಾಲಿಲ್ಲದ ಚಹಾದಂತೆ ಇಡೀ ದಿನ ಕಡು ಬಣ್ಣದಲ್ಲೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯ ಕಣ್ಣು. ಹೇಳಿದ ಪ್ರಮಾಣದಲ್ಲಿ ನುಂಗಿದ ಗುಳಿಗೆ ಕಣ್ಣಿನ ಬಿಳಿ ಭಾಗವನ್ನು ಹಳದಿ ಮಾಡುವುದಿಲ್ಲ. ದಿನವೂ ಮುಂಜಾನೆ ಬಯಲ ಬೆಳಕಿನಲ್ಲಿ ಮನೆಯವರೊಬ್ಬರು ರೋಗಿಯ ಕಣ್ಣು ನೋಡಬೇಕು. ಬಲ್ಬಿನ ಬೆಳಕಿನಲ್ಲಿ ನೋಡಿದರೆ ಗೊತ್ತಾಗುವುದಿಲ್ಲ.

ಯಾವಾಗ ಎಚ್ಚರ?

ಹೆಚ್ಚಿನ ತೊಂದರೆಗಳು ಮೊದಲ ಎರಡು ತಿಂಗಳಲ್ಲೇ ಕಾಣುತ್ತವೆ. ಮೊದಲ ಕೆಲವು ದಿನ ಸ್ವಲ್ಪ ಹೊಟ್ಟೆ ತೊಳಸುವುದು ಮಾಮೂಲು. ಅದಕ್ಕೆ ಗುಳಿಗೆ ಬಿಡಬಾರದು, ಆಶಾ ಕಾರ್ಯಕರ್ತೆಗೆ ಅಥವಾ ದವಾಖಾನೆಯ ಸಿಬ್ಬಂದಿಗೆ ತಿಳಿಸಬೇಕು. ಈ ಕೆಳಗಿನವು ಬೇರೆ.

- ಊಟದ ವಾಸನೆಯೇ ಬೇಡವಾಗುವುದು, ಪದೇ ಪದೇ ವಾಂತಿ
- ಬಲಗಡೆ ಪಕ್ಕೆಲುಬಿನ ಕೆಳಗೆ ನೋವು
- ಕಾರಣವಿಲ್ಲದ ಸುಸ್ತು, ಮೈ ತುರಿಕೆ
- ಇಡೀ ದಿನ ಕಡು ಬಣ್ಣದ ಮೂತ್ರ
- ಕಣ್ಣು ಹಳದಿಯಾಗುವುದು
- ಮಾತು ತಡವರಿಸುವುದು, ಹಗಲು ಹೊತ್ತು ಮಂಪರು. ಇದು ಅತಿ ಅಪಾಯದ ಸೂಚನೆ.

ಕಣ್ಣು ಹಳದಿಯಾದರೆ, ಇಡೀ ದಿನ ಮೂತ್ರ ಕಪ್ಪಾಗಿದ್ದರೆ ಅಥವಾ ವಾಂತಿ ನಿಲ್ಲದಿದ್ದರೆ ಮುಂದಿನ ಗುಳಿಗೆ ನುಂಗದೆ ಅದೇ ದಿನ ಸರಕಾರಿ ದವಾಖಾನೆಗೆ ಹೋಗಬೇಕು. ಮಂಪರು ಇದ್ದರೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಕ್ಷಯದ ಔಷಧದಿಂದ ಲಿವರ್ ಕೆಟ್ಟು ಸೇಂಟ್ ಜಾನ್ಸ್ ಆಸ್ಪತ್ರೆಗೆ ಬಂದ 269 ಜನರ ವರದಿ 2013ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 22.7 ಜನ ಉಳಿಯಲಿಲ್ಲ. ಕಾಮಣಿ ಬಂದ ಮೇಲೂ ಗುಳಿಗೆ ಮುಂದುವರಿಸುವುದು ಎಷ್ಟು ಅಪಾಯ ಎಂಬುದಕ್ಕೆ ಈ ಅಂಕಿ ಸಾಕು.

ದವಾಖಾನೆಯಲ್ಲಿ ಏನು ಮಾಡುತ್ತಾರೆ?

ಮೊದಲು ಲಿವರ್ ರಕ್ತಪರೀಕ್ಷೆ. ಎಸ್‌ಜಿಪಿಟಿ ಸಾಮಾನ್ಯವಾಗಿ 40ರ ಆಸುಪಾಸಿನೊಳಗೆ ಇರಬೇಕು. ಲಕ್ಷಣಗಳಿದ್ದು ಅದು ಮೂರು ಪಟ್ಟಿಗಿಂತ ಹೆಚ್ಚಾದರೆ, ಅಥವಾ ಲಕ್ಷಣವಿಲ್ಲದಿದ್ದರೂ ಐದು ಪಟ್ಟಿಗಿಂತ ಹೆಚ್ಚಾದರೆ, ಲಿವರ್ ಕೆಡಿಸುವ ಔಷಧಗಳನ್ನು ನಿಲ್ಲಿಸುತ್ತಾರೆ. ಬಿಲಿರುಬಿನ್ ಏರಿ ಕಾಮಣಿ ಕಂಡರೂ ನಿಲ್ಲಿಸುತ್ತಾರೆ.

ನಿಲ್ಲಿಸುವುದೆಂದರೆ ಚಿಕಿತ್ಸೆ ಮುಗಿಯಿತೆಂದಲ್ಲ. ಕ್ಷಯ ಜೋರಾಗಿದ್ದರೆ ಲಿವರ್‌ಗೆ ಹಗುರವಾದ ಎಥಾಂಬುಟಾಲ್, ಲಿವೋಫ್ಲಾಕ್ಸಾಸಿನ್‌ನಂಥ ಔಷಧಗಳನ್ನು ಅಷ್ಟು ದಿನ ಕೊಡುತ್ತಾರೆ. ರಕ್ತದ ಅಂಕಿಗಳು ಇಳಿದ ಮೇಲೆ ಹಳೆಯ ಔಷಧಗಳನ್ನು ಒಂದೊಂದಾಗಿ, ಕೆಲವು ದಿನಗಳ ಅಂತರದಲ್ಲಿ, ರಕ್ತಪರೀಕ್ಷೆ ಮಾಡುತ್ತಾ ಮತ್ತೆ ಶುರು ಮಾಡುತ್ತಾರೆ. ಸಾಮಾನ್ಯವಾಗಿ ಮೊದಲು ರಿಫಾಂಪಿಸಿನ್, ನಂತರ ಐಸೋನಿಯಾಜಿಡ್. ಕಾಮಣಿ ಜೋರಾಗಿ ಬಂದಿದ್ದವರಿಗೆ ಪೈರಾಜಿನಮೈಡ್‌ಅನ್ನು ಬಿಟ್ಟೇ ಮುಂದುವರಿಸುವುದುಂಟು. ಬಹಳಷ್ಟು ಜನ ಹೀಗೆ ಔಷಧ ಮುಗಿಸಿ ಗುಣವಾಗುತ್ತಾರೆ. ಅದಕ್ಕೇ ಉಳಿದ ಹಳೆಯ ಗುಳಿಗೆಯನ್ನು ಮನೆಯಲ್ಲಿ ತಾವಾಗಿ ಮತ್ತೆ ಶುರು ಮಾಡಬಾರದು.

ಕಾಮಣಿಗೆ ಬರೆ ಹಾಕಿಸುವುದು, ಬೇರು ಎಲೆ ಅರೆದು ಕುಡಿಸುವುದು ಇನ್ನೂ ಅಲ್ಲಲ್ಲಿ ನಡೆಯುತ್ತದೆ. ಔಷಧದಿಂದ ಬಂದ ಕಾಮಣಿಗೆ ಮೊದಲ ಉಪಾಯ ಆ ಔಷಧವನ್ನು ನಿಲ್ಲಿಸುವುದು. ಬರೆ ಹಾಕಿಸಿಕೊಂಡು ಗುಳಿಗೆಯನ್ನೂ ನುಂಗುತ್ತಾ ಹೋದರೆ ಲಿವರ್ ಪೂರ್ತಿ ಸೋಲುತ್ತದೆ.

ಗಡಿಯ ಊರವರಿಗೆ ವಿಶೇಷ ಸೂಚನೆ

ನಾಗಲಗಿದ್ದ ಸುತ್ತಲಿನ ಜನ ಸಣ್ಣ ಪುಟ್ಟ ಕಾಯಿಲೆಗೆ ಸ್ಥಳೀಯ ಆರ್‌ಎಂಪಿ ಬಳಿ ಹೋಗುತ್ತಾರೆ, ಸರಕಾರಿ ಕೆಲಸಕ್ಕೆ ನಾರಾಯಣಖೇಡ, ಸಂಗಾರೆಡ್ಡಿಗೆ, ದೊಡ್ಡ ಕಾಯಿಲೆಗೆ ಬೀದರ್‌ಗೆ ಅಥವಾ ಹೈದರಾಬಾದಿಗೆ. ಹೀಗಾಗಿ ಒಬ್ಬ ರೋಗಿಯ ಕಾಗದಗಳು ಎರಡು ರಾಜ್ಯಗಳ ಮೂರು ನಾಲ್ಕು ಕಡೆ ಹಂಚಿಹೋಗುತ್ತವೆ. ಕ್ಷಯದ ಗುಳಿಗೆ ತೆಲಂಗಾಣದ ದವಾಖಾನೆಯದು, ವಾಂತಿಗೆ ತಂದ ಗುಳಿಗೆ ಕರ್ನಾಟಕದ ಅಂಗಡಿಯದು. ಕ್ಷಯದ ಹೆಸರು ಹೇಳಲು ನಾಚಿಕೊಂಡು ಎಷ್ಟೋ ಜನ ಹೊಸ ವೈದ್ಯರ ಮುಂದೆ ಅದನ್ನು ಮುಚ್ಚಿಡುತ್ತಾರೆ. ಆಗ ವೈದ್ಯರು ಇದನ್ನು ನೀರಿನಿಂದ ಬಂದ ಕಾಮಣಿ ಎಂದೇ ತಿಳಿದು ಚಿಕಿತ್ಸೆ ಕೊಡುವ ಸಂಭವವಿದೆ.

ಈ ಕಾರಣಕ್ಕೆ ಕೆಲವು ಮಾತು ನೆನಪಿಡಬೇಕು.

- ಕ್ಷಯರೋಗಿಗೆ ಸಿಗುವ ನಿಕ್ಷಯ್ ಐಡಿ ಸಂಖ್ಯೆ ದೇಶಕ್ಕೆಲ್ಲ ಒಂದೇ. ಬೀದರ್‌ನಲ್ಲಿ ತೋರಿಸಿದರೂ ಸಂಗಾರೆಡ್ಡಿ ಜಿಲ್ಲೆಯ ಚಿಕಿತ್ಸೆಯ ವಿವರ ಸಿಗುತ್ತದೆ. ಬೇರೆ ರಾಜ್ಯಕ್ಕೆ ದುಡಿಯಲು ಹೋದರೆ ಅಲ್ಲಿಗೇ ಚಿಕಿತ್ಸೆ ವರ್ಗ ಮಾಡಿಸಬಹುದು. ಸಂಖ್ಯೆಯನ್ನು ಮನೆಯವರ ಮೊಬೈಲಿನಲ್ಲೂ ಬರೆದಿಡಬೇಕು.
- ಯಾವ ಕಡೆ ಹೋದರೂ ನುಂಗುತ್ತಿರುವ ಗುಳಿಗೆಗಳ ಖಾಲಿ ಚೀಟಿಗಳನ್ನು ಒಯ್ಯಬೇಕು. ಚೀಟಿಯ ಮೇಲಿನ ಔಷಧದ ಹೆಸರು ಎಲ್ಲ ರಾಜ್ಯದ ವೈದ್ಯರಿಗೂ ಓದಲು ಬರುತ್ತದೆ.
- ಒಮ್ಮೆ ಒಂದು ಆ್ಯಂಟಿಬಯಾಟಿಕ್‌ನಿಂದ ಕಾಮಣಿ ಆಗಿದ್ದರೆ ಅದರ ಹೆಸರನ್ನು ವೈದ್ಯರಿಂದ ಕಾಗದದಲ್ಲಿ ಬರೆಸಿ ಇಟ್ಟುಕೊಳ್ಳಬೇಕು. ವೈದ್ಯರ ನಿಗಾ ಇಲ್ಲದೆ ಅದನ್ನು ಮತ್ತೆ ನುಂಗಬಾರದು. ಎರಡನೆಯ ಸಲ ತೊಂದರೆ ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ.
- ಕ್ಷಯದ ಬಗ್ಗೆ ಕೇಳಲು ನಿಕ್ಷಯ್ ಸಹಾಯವಾಣಿ 1800-11-6666. ಯಾವುದೇ ಔಷಧದ ಅಡ್ಡ ಪರಿಣಾಮ ವರದಿ ಮಾಡಲು 1800-180-3024. ಎರಡೂ ಉಚಿತ. ರೋಗಿಯ ಮನೆಯವರೂ ಕರೆ ಮಾಡಬಹುದು.

ಮನೆಯ ಇತರರಿಗೆ ಕೊಡುವ ಗುಳಿಗೆ

ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಷಯ ಇದ್ದರೆ ಉಳಿದವರಿಗೆ ಮುಂಜಾಗ್ರತೆಯ ಗುಳಿಗೆ ಕೊಡುತ್ತಾರೆ. ಆರು ತಿಂಗಳು ದಿನವೂ ಐಸೋನಿಯಾಜಿಡ್ ನುಂಗುವುದು ಒಂದು ವಿಧಾನ. ವಾರಕ್ಕೊಮ್ಮೆಯಂತೆ 12 ವಾರ ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್ ನುಂಗುವುದು ಇನ್ನೊಂದು. 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 12 ವಾರದ ವಿಧಾನದವರಲ್ಲಿ ಶೇ. 0.4 ಜನರಿಗೆ, ಒಂಬತ್ತು ತಿಂಗಳು ದಿನವೂ ಐಸೋನಿಯಾಜಿಡ್ ನುಂಗಿದವರಲ್ಲಿ ಶೇ. 2.7 ಜನರಿಗೆ ಲಿವರ್ ತೊಂದರೆ ಕಂಡಿತು.

ಈ ಗುಳಿಗೆ ನುಂಗುವವರು ಆರೋಗ್ಯವಂತರು. ತಮಗೆ ಕಾಯಿಲೆ ಇಲ್ಲವೆಂದು ಅವರು ಲಕ್ಷಣಗಳ ಕಡೆ ಗಮನ ಕೊಡುವುದಿಲ್ಲ. ಮೇಲೆ ಹೇಳಿದ ಎಚ್ಚರಿಕೆಗಳೆಲ್ಲ ಅವರಿಗೂ ಅನ್ವಯಿಸುತ್ತವೆ. ಕುಡಿಯುವವರು, ಲಿವರ್ ಕಾಯಿಲೆ ಇದ್ದವರು ಗುಳಿಗೆ ಶುರು ಮಾಡುವ ಮುನ್ನವೇ ಅದನ್ನು ಹೇಳಬೇಕು.

ತಾಯಿ ತಂದೆಯಿಂದ ಬಂದ ವಂಶವಾಹಿಯನ್ನು ಬದಲಿಸಲು ಬರುವುದಿಲ್ಲ. ಯಾರು ನಿಧಾನ, ಯಾರು ವೇಗ ಎಂಬುದು ಮುಖ ನೋಡಿ ತಿಳಿಯುವಂಥದ್ದೂ ಅಲ್ಲ. ಆದರೆ ಕಣ್ಣಿನ ಬಣ್ಣ ನೋಡಲು, ಮೂತ್ರದ ಬಣ್ಣ ಗಮನಿಸಲು, ನುಂಗುವ ಗುಳಿಗೆಯ ಹೆಸರು ಬರೆದಿಡಲು ಯಾವ ಯಂತ್ರವೂ ಬೇಡ. ಕ್ಷಯದ ಗುಳಿಗೆ ತಂದ ದಿನವೇ ಮನೆಯಲ್ಲಿ ಓದಬಲ್ಲ ಒಬ್ಬರು ಈ ಕೆಲಸ ವಹಿಸಿಕೊಂಡರೆ, ಕಾಮಣಿ ಬಂದರೂ ಪ್ರಾಣಕ್ಕೆ ಅಪಾಯವಾಗುವ ಮೊದಲೇ ರೋಗಿ ದವಾಖಾನೆ ಸೇರಬಹುದು.